ಬೇವೂರಿನ ಹೊಲದಲ್ಲಿ ಕೊಪ್ಪಿ ಹಾಕಿದವನು

ಹೊಳಿಯಮ್ಮ ನಮ್ಮ ಅಂಗಳಕ್ಕೆ ಬಂದು ನಿಂತಾಗ ನಮ್ಮ ಯಜಮಾನರು ಎಳೆಬಿಸಿಲಿಗೆ ಬೆನ್ನು ಕೊಟ್ಟು ಟೊಪಗಿ ಹೆಣೆಯುತ್ತ ಕೂತಿದ್ದರು. ಆಕೆ ಅಳಲಿಲ್ಲ, ಕೂಗಲಿಲ್ಲ, ಕೂಡ್ರು ಅಂದರೂ ಕೂಡ್ರಲಿಲ್ಲ. ಕಂಬದ ಹಾಗೆ ನಿಂತುಕೊಂಡು, "ನನ್ನ ಗಂಡಗ ಫಾಂಸಿ ಆಗತೈತಂತ್ರಿ. ಅಂವ ಕೊಂದಿಲ್ರಿ. ನೀವು ಬರ್ರಿ," ಎಂದಳು.

ಆಕೆಯ ಗಂಡ ಕುರಿಗಾರ ಕನಕಪ್ಪ. ಅವನ ಕೈಯಲ್ಲಿ ಸತ್ತನೆಂದು ಎಲ್ಲರೂ ಹೇಳುತ್ತಿದ್ದವನು ಗವಿಸಿದ್ದಪ್ಪಣ್ಣ, ಬೇವೂರಿನ ನನ್ನ ದೊಡ್ಡಪ್ಪನ ಹಿರಿಯ ಮಗ, ನನ್ನ ತವರಿನ ಯಜಮಾನ. ಅವನನ್ನು ಮಣ್ಣು ಮಾಡಿ ನಾವು ಯಲಬುರ್ಗಿಗೆ ತಿರುಗಿ ಬಂದದ್ದು ಹಿಂದಿನ ದಿನವಷ್ಟೆ. ನನಗೆ ಅಲ್ಲಿಯೂ ಅಳು ಬಂದಿರಲಿಲ್ಲ. ಎಡಗೈ ಮೇಲೆ ಮಲಗಿ ಎದ್ದಾಗ ಕೈ ತನ್ನದಲ್ಲ ಅನ್ನಿಸುತ್ತದಲ್ಲ, ಎದೆಯೊಳಗೆ ಹಾಗೆ ಜೋಮು ಹಿಡಿದಿತ್ತು. ಇಂಥ ಹೊತ್ತಿನಲ್ಲಿ ಕೊಂದವನ ಹೆಂಡತಿ ಬಾಗಿಲಿಗೆ ಬಂದರೆ ನಾನೇನು ಆರತಿ ಎತ್ತಲೇ?

"ಯಾವ ಮುಖ ಹೊತ್ತು ಬಂದಿ ನಮ್ಮ ಮನೀಗೆ?" ಎಂದು ಗದರಿದೆ.

"ಬ್ಯಾರೆ ಯಾರೂ ಇಲ್ರಿ ಅವ್ವಾರ," ಎಂದಳು ಹೊಳಿಯಮ್ಮ. ಅಷ್ಟೇ.

ಇವರು ತಲೆ ಎತ್ತಲಿಲ್ಲ. ಸಾಲು ಮುಗಿಸಿದರು. ಮನೆಗೆ ಬೆಂಕಿ ಬಿದ್ದರೂ ಇವರಿಗೆ ಮೊದಲು ಸಾಲು ಮುಗಿಯಬೇಕು, ಹಾಳಾದ್ದು. ಆಮೇಲೆ, "ಏನು ನೋಡಿ ಹಿಡದಾರ ಅವನ್ನ?" ಎಂದು ಕೇಳಿದರು.

ಇವರ ವಿಷಯ ಹೇಳಿಬಿಡುತ್ತೇನೆ. ಹೆಸರು ಉಮಾಪತಿ. ನಿಜಾಮರ ಪೊಲೀಸಿನಲ್ಲಿ ಅಮೀನರಾಗಿದ್ದವರು. ಅಮೀನ ಎಂದರೆ ಆಗಿನ ಫೌಜದಾರ. ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡು ನೌಕರಿ ಬಿಟ್ಟರು. ಆಸ್ಪತ್ರೆಯಲ್ಲಿ ಕಾಲು ಕಟ್ಟಿಸಿಕೊಂಡು ಮಲಗಿದ್ದಾಗ ಇವರ ಒದರಾಟ ತಾಳಲಾರದೆ ಅನ್ನಮ್ಮ ಎಂಬ ನರ್ಸಬಾಯಿ ಕೈಗೆ ಎರಡು ಸೂಜಿ ಕೊಟ್ಟು ಹೆಣಿಗೆ ಕಲಿಸಿದಳು. ಹತ್ತಿ ಬೆಳೆಯುವ ಊರಲ್ಲಿ, ಕಳ್ಳರನ್ನು ನಡುಗಿಸಿದ ಗಂಡಸು ಅಂಗಳದಲ್ಲಿ ಕೂತು ಉಣ್ಣೆ ಹೆಣೆಯುವುದೆಂದರೆ ಏನು ಚಂದ! ನೀರಿಗೆ ಹೋದಲ್ಲೆಲ್ಲ ಹೆಂಗಸರು, "ಅಮೀನಸಾಹೇಬ್ರು ಬಸುರದಾರೇನ್ರಿ ಶೇಖರಮ್ಮಾರ?" ಎಂದು ನನ್ನನ್ನು ಕಾಡುತ್ತಿದ್ದರು. ಆದರೆ ಊರಲ್ಲಿ ಯಾರದಾದರೂ ಎತ್ತು ಕಳೆದರೆ, ಮೂಗುತಿ ಕಳೆದರೆ, ಮೊದಲು ಬರುತ್ತಿದ್ದದ್ದು ನಮ್ಮ ಅಂಗಳಕ್ಕೇ.

೧೯೪೨ರ ಆ ಚಳಿಗಾಲ ಯುದ್ಧದ ಸಿಪಾಯಿಗಳಿಗೆಂದು ಟೊಪಗಿ ಹೆಣೆದು ಕಳಿಸುವ ಹುರುಪು ಎಲ್ಲ ಕಡೆ ಇತ್ತು. ತಲೆ, ಕಿವಿ, ಬಾಯಿ, ಕುತ್ತಿಗೆ ಎಲ್ಲ ಮುಚ್ಚಿ ಕಣ್ಣಿಗಷ್ಟೇ ಕಿಂಡಿ ಬಿಡುವ ಟೊಪಗಿ. ಈಗಿನವರು ಮಂಕಿ ಟೊಪಗಿ ಅನ್ನುತ್ತಾರೆ. ಆಗ ನಮ್ಮ ಸೀಮೆಯಲ್ಲಿ ಆ ವಸ್ತುವೂ ಇರಲಿಲ್ಲ, ಅದಕ್ಕೊಂದು ಹೆಸರೂ ಇರಲಿಲ್ಲ. ಇವರು ಮುಸುಕು ಟೊಪಗಿ ಅನ್ನುತ್ತಿದ್ದರು. ನಾನು ದೊಡ್ಡವರ ಕುಂಚಿಗಿ ಅಂತ ಹಂಗಿಸುತ್ತಿದ್ದೆ, ಯಾಕೆಂದರೆ ಕುಂಚಿಗಿ ಹಾಕುವುದು ತೊಟ್ಟಿಲ ಕೂಸಿಗೆ.

ಸಿಪಾಯಿಗಳದ್ದು ಮುಗಿದ ಮೇಲೆ ಇವರು ನನ್ನ ತವರಿಗೂ ಮೂರು ಹೆಣೆದರು. ಚಳಿಯಲ್ಲಿ ಹೊಲ ಕಾಯುವವರು ಅಲ್ಲಿ ಮೂವರು: ಗವಿಸಿದ್ದಪ್ಪಣ್ಣ, ಅವನ ತಮ್ಮ ಅಮರಪ್ಪ, ಆಳುಮಗ ಗಾಳೆಪ್ಪ. ಕನಕಪ್ಪನ ಕುರಿಮರಿಗಳ ಮೊದಲ ಕತ್ತರಿಯ ಕರಿ ಉಣ್ಣೆ, ಬೆಣ್ಣೆಯಂತೆ ಮೆತ್ತಗಿತ್ತು. ಅಣ್ಣನ ತಲೆ ಜೋಳದ ಗಡಿಗೆಯಷ್ಟು. ಅವನದನ್ನು ಎಲ್ಲಕ್ಕಿಂತ ಅಗಲ ಹೆಣೆದರು. ನೆತ್ತಿಯಿಂದ ಸುರು ಮಾಡಿ ಕುತ್ತಿಗೆಗೆ ಮುಗಿಸುವುದು ಇವರ ಪದ್ಧತಿ. ಅಮರಪ್ಪನದಕ್ಕೆ ಕುತ್ತಿಗೆಯ ಕೊನೆಗೆ ಕರಿ ಉಣ್ಣೆ ಮುಗಿದು ಬಿಳಿಯದು ಸೇರಿಸಿದರು. "ಹೆಣಕ್ಕ ಹಚ್ಚಡ ಹೊದಿಸಿದಂಗ ಕಾಣತೈತಿ," ಅಂದೆ. "ಒಳಗ ಮಡಚಿ ಹೊಲಿತೀನಿ, ಹಾಕ್ಕೊಂಡವಗೂ ಗೊತ್ತಾಗಂಗಿಲ್ಲ," ಎಂದು ಹಾಗೆಯೇ ಹೊಲಿದರು.

ಹೊಳಿಯಮ್ಮ ಹೇಳಿದ್ದು ಇಷ್ಟು. ಗವಿಸಿದ್ದಪ್ಪಣ್ಣ ಹೊಲದ ಗುಡಿಸಲ ಮುಂದೆ ಸತ್ತುಬಿದ್ದ ಮುಂಜಾನೆ ದಾದೇಸಾಬ ಎಂಬ ಪಿಂಜಾರ ಹತ್ತಿ ಎಕ್ಕುವ ಬಿಲ್ಲು ಹೊತ್ತು ಆ ದಾರಿಯಲ್ಲಿ ಹೊರಟಿದ್ದ. ನಸುಕಿನಲ್ಲಿ ಕೊಪ್ಪಿ ಹಾಕಿದವನೊಬ್ಬ ಆ ಹೊಲದಿಂದ ಓಡಿದ್ದನ್ನು ಕಂಡ. ಕಂಬಳಿಯ ಮೂಲೆ ಮಡಿಸಿ ತಲೆಯ ಮೇಲಿಂದ ಹೊದೆಯುವುದಕ್ಕೆ ನಮ್ಮಲ್ಲಿ ಕೊಪ್ಪಿ ಅನ್ನುತ್ತಾರೆ. ಅದು ಕುರಿಗಾರರ ಉಡುಗೆ.

"ಕೊಪ್ಪಿ ಅಂದ್ರ ಕುರುಬ, ಕುರುಬ ಅಂದ್ರ ಕನಕಪ್ಪ ಅಂತ ಎಳಕೊಂಡು ಹೋದ್ರಿ. ಅವನ ಹಟ್ಟಿ ಬಾಜೂ ಹೊಲದಾಗ ಇತ್ತು."

"ಜಗಳ ಆಗಿತ್ತೇನು?" ಎಂದರು ಇವರು.

"ಆಗಿತ್ರಿ. ಕುರಿ ಜ್ವಾಳಕ್ಕ ಬಿದ್ವು ಅಂತ ಧಣೇರು ಕಪಾಳಕ್ಕ ಹೊಡದಿದ್ರು. ಇಂವ 'ನೋಡ್ಕೋತೀನಿ' ಅಂದಿದ್ದು ಖರೆ. ಸುಳ್ಳ್ಯಾಕ ಹೇಳ್ಲಿ?"

"ಮತ್ತ?"

"ಕಂಬಳಿ ಹಸಿ ಇತ್ತಂತ್ರಿ. ರಕ್ತ ತೊಳದಾನ ಅಂತಾರ. ಇಬ್ಬನಿ ಬಿದ್ದಿತ್ರಿ. ನಾವು ಕಂಬಳಿ ತೊಳಿಯೂದು ವರ್ಷಕ್ಕೊಮ್ಮೆ, ಹಳ್ಳದ ತಣ್ಣೀರಾಗ. ಬಿಸಿನೀರು ತಾಗಿದ್ರ ಉಣ್ಣಿ ಮುದ್ದಿ ಆಗತೈತಿ. ಬಂದ ಇಬ್ಬನಿಗೆಲ್ಲಾ ತೊಳದ್ರ ಹೊದಿಯಾಕ ಏನು ಉಳೀತೈತ್ರಿ?"

ಇವರು ಹೆಣಿಗೆಯನ್ನು ಚೀಲದಲ್ಲಿ ಇಟ್ಟರು. "ಶೇಖರಮ್ಮ, ಗಾಡಿ ಕಟ್ಟಸು," ಎಂದರು.

"ನಾ ಬರಂಗಿಲ್ಲ."

"ನಿನ್ನ ಅಣ್ಣನ್ನ ಕೊಂದವ ಯಾರಂತ ನಿನಗ ಬ್ಯಾಡೇನು?"

ಬೇಕಿತ್ತು. ಗಾಡಿ ಹತ್ತಿದೆ. ಹೊಳಿಯಮ್ಮ ಗಾಡಿಯಲ್ಲಿ ಕೂಡ್ರಲಿಲ್ಲ, ಹಿಂದಿನಿಂದ ನಡೆದುಕೊಂಡೇ ಬಂದಳು.

ದಾದೇಸಾಬ ಬೇವೂರಿನಲ್ಲೇ ಒಬ್ಬರ ಜಗುಲಿಯ ಮೇಲೆ ಹತ್ತಿ ಎಕ್ಕುತ್ತಿದ್ದ. ಗಡ್ಡಕ್ಕೆಲ್ಲ ಹತ್ತಿ ಹತ್ತಿತ್ತು. ಮುದುಕ ಸುಳ್ಳು ಹೇಳುವವನಲ್ಲ. ಚಿಕ್ಕಂದಿನಿಂದ ನನ್ನ ತವರಿನ ಹಾಸಿಗೆಗಳನ್ನೆಲ್ಲ ಅವನೇ ತುಂಬಿದವನು.

"ಅಲ್ಲಾನ ಆಣಿಗೂ ಕೊಪ್ಪೀನ ನೋಡೇನ್ರಿ ಅಮೀನಸಾಹೇಬ್ರ. ಕರೇದು. ಕಣ್ಣಷ್ಟ ಕಾಣತಿದ್ವು. ಯಾರಂತ ಕೇಳಿದ್ರ ಹೇಳಾಕ ಬರಂಗಿಲ್ಲ."

"ಬಾಯಿ? ಮೂಗು?"

"ಏನೂ ಕಾಣಲಿಲ್ರಿ."

"ಮೈಮ್ಯಾಲೆ ಏನಿತ್ತು?"

"ಅಂಗಿ, ಧೋತರ."

"ಓಡಿದ ಅಂದ್ಯಲ್ಲ, ಹೆಂಗ ಓಡಿದ?"

"ನನ್ನ ನೋಡಿ ಗಾಬರಿ ಆದ. ಎರಡೂ ಕೈ ಊರಿ ಒಡ್ಡು ಹತ್ತಿದ, ಆಕಡಿ ಧುಮುಕಿದ, ಹ್ವಾದ. ಬರೋಬ್ಬರಿ ಕ್ವಾತಿ ಹಂಗ."

ಇವರು, "ಭಾಳ ಛಲೋ ಸಾಕ್ಷಿ ಹೇಳಿದಿ ದಾದೇಸಾಬ," ಎಂದು ಹೊರಟರು. ಅದರಲ್ಲಿ ಛಲೋ ಏನಿತ್ತೋ ನನಗಂತೂ ತಿಳಿಯಲಿಲ್ಲ. ಕನಕಪ್ಪನ ಕುತ್ತಿಗೆಗೆ ಹಗ್ಗ ಇನ್ನೊಂದು ಸುತ್ತು ಬಿದ್ದಂತಾಯಿತು ಅಂದುಕೊಂಡೆ.

ತವರಿನ ಪಡಸಾಲೆಯಲ್ಲಿ ಅಮರಪ್ಪ ಬಂದವರ ನಡುವೆ ಕೂತು ಅಳುತ್ತಿದ್ದ. ನನ್ನನ್ನು ಕಂಡು, "ಅಕ್ಕಾ, ನಮ್ಮ ಮನಿ ಕಂಬ ಮುರೀತು!" ಎಂದು ಇನ್ನಷ್ಟು ಜೋರಾಗಿ ಅತ್ತ. ಅವನು ತಲೆಯಾಡಿಸಿದಂತೆಲ್ಲ ಕರಿ ಟೊಪಗಿ ಹುಬ್ಬಿನ ಮೇಲೆ ಜಾರುತ್ತಿತ್ತು, ಅವನು ಮೇಲೆ ತಳ್ಳುತ್ತಿದ್ದ. ದುಃಖಕ್ಕೆ ಇಷ್ಟು ಬೇಗ ಇಳಿದುಹೋದನಲ್ಲ ಅನ್ನಿಸಿತು. ಅಣ್ಣನಿಗಾಗಿ ಬಾರದ ನೀರು ಈ ತಮ್ಮನಿಗಾಗಿ ಕಣ್ಣಂಚಿಗೆ ಬಂತು, ಅಲ್ಲೇ ನಿಂತಿತು.

"ಗವಿಸಿದ್ದಪ್ಪನ ಟೊಪಗಿ ಎಲ್ಲೈತಿ?" ಎಂದು ಇವರು ಕೇಳಿದರು.

"ಅಣ್ಣನ ತಲಿಮ್ಯಾಲೇ ಇತ್ತಲ್ರಿ ಮಾವಾರ. ಕೊಂದವನೇ ಒಯ್ದಿರಬೇಕು."

ಗಾಳೆಪ್ಪ ದನದ ಕೊಟ್ಟಿಗೆಯಲ್ಲಿದ್ದ. ಅಣ್ಣನ ಹೆಣವನ್ನು ಮೊದಲು ಕಂಡವನು ಅವನೇ. ಅವನ ಟೊಪಗಿ ತಲೆಯ ಮೇಲೇ ಇತ್ತು. ಬೀಡಿಯ ಕಿಡಿ ಬಿದ್ದು ಹೆಬ್ಬೆರಳು ಹೋಗುವಷ್ಟು ತೂತಾಗಿ ಬಿಳಿಗೂದಲು ಇಣುಕುತ್ತಿತ್ತು. ಇವರು ಆ ತೂತನ್ನು ಕಂಡು ಕೊಲೆಗಿಂತ ಹೆಚ್ಚು ಸಂಕಟಪಟ್ಟರು.

"ನಾನೂ ಧಣೇರೂ ಕೂಡಿ ತಳಕಲ್ಲಿಗೆ ಹೋಗಿದ್ವಿರಿ, ಹೆಣ್ಣು ನೋಡಾಕ," ಎಂದ ಗಾಳೆಪ್ಪ. ಅಣ್ಣನ ಹೆಂಡತಿ ತೀರಿ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮತ್ತೊಂದು ಮದುವೆಯ ಮಾತು ನನಗೂ ಗೊತ್ತಿತ್ತು. "ಒಪ್ಪಿ ಸಕ್ರಿ ತಿನಸಿದ್ರು. ತಿರುಗಿ ಬರೂಮುಂದ ದಾರ್ಯಾಗ ಹೊಲ ಬಂತು. ಧಣೇರು ರಾತ್ರಿ ಹೊಲ ಕಾಯಾಕ ಅಲ್ಲೇ ಇಳದ್ರು. 'ನೀ ಮನಿಗೆ ಹೋಗು, ಲಗ್ನ ನಿಕ್ಕಿ ಆತಂತ ಹೇಳಿ ಸಕ್ರಿ ಕೊಡು' ಅಂದ್ರು. ಮುಂಜಾನಿ ಬುತ್ತಿ ಒಯ್ದೆ. ಗುದ್ದಲಿ ಕಾವು ತಗೊಂಡು ಯಾರೋ ಹಿಂದಿನಿಂದ ಹೊಡದಿದ್ರು. ರಕ್ತ ಅಂದ್ರ ರಕ್ತ, ಗುಡಿಸಲ ಬಾಗಿಲಕೆಲ್ಲಾ ಸಿಡದಿತ್ತು."

"ತಲೀಗೆ ಏನಿತ್ತು?"

"ಜರಿ ರುಮಾಲ್ರಿ. ಹೆಣ್ಣು ನೋಡಾಕ ಹೋಗೂಮುಂದ ನಿಮ್ಮ ಟೊಪಗಿ ಹಾಕ್ಕೊಂಡು ಹೊಕ್ಕಾರೇನ್ರಿ? ಹುಡಿಗಿ ಅಂಜಿ ಓಡಿಹೋಗತಿದ್ಳು!" ಗಾಳೆಪ್ಪ ನಕ್ಕ. ಆಮೇಲೆ ಯಾಕೆ ನಕ್ಕೆನೆಂದು ತಿಳಿಯದವನಂತೆ ಎತ್ತಿನ ಕಡೆಗೆ ತಿರುಗಿ ಅದರ ಬೆನ್ನು ತಿಕ್ಕತೊಡಗಿದ.

ಇವರು ಗಂಡಸರ ಜೊತೆ ಮಾತಾಡುವಷ್ಟರಲ್ಲಿ ನಾನು ಒಳಗೆ ಹೋದೆ. ಅಮರಪ್ಪನ ಹೆಂಡತಿ ಪಂಪಾವತಿ ಒಲೆಯ ಮುಂದೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಒಲೆ ಆರಿತ್ತು. ಅದು ಆಕೆಗೆ ಗೊತ್ತಿರಲಿಲ್ಲ. ನೆರೆಯ ಹೆಂಗಸರು, ಭಾವ ಸತ್ತರೂ ಈಕಿಗೆ ಒಂದು ಹನಿ ನೀರಿಲ್ಲ ನೋಡ್ರಿ ಎಂದು ಪಿಸುಗುಡುತ್ತಿದ್ದರು. "ನನಗೂ ಬಂದಿಲ್ಲ, ನನಗೂ ಅನ್ರಿ!" ಎಂದೆ.

ಕೂಸನ್ನು ಎತ್ತಿಕೊಂಡೆ. ತಲೆಗೆ ಕರಿಯ ಕುಂಚಿಗಿ ಹಾಕಿದ್ದಳು. ದಪ್ಪಗೆ, ಕುದುರೆಯ ತಡಿಯ ಹಾಗೆ ಗಟ್ಟಿ. ಗಾಳಿ ಹೋಗುವ ಮಾತೇ ಇಲ್ಲ.

"ಛಲೋ ಬೆಚ್ಚಗೈತಿ. ಎಲ್ಲಿಂದ ತಂದಿ?"

"ಮನ್ಯಾಗಿಂದ ಅಕ್ಕಾರ," ಎಂದಳು. ಅಷ್ಟರಲ್ಲಿ ಇವರು ಬಾಗಿಲಿಗೆ ಬಂದು, ಹೊರಡೋಣವೆಂದು ಕರೆದರು. ಕೂಸಿನ ಮುಖವನ್ನೊಮ್ಮೆ ನೋಡಿ ಹಿಂದೆ ಸರಿದರು.

ಯಲಬುರ್ಗಿ ಹತ್ತಿರ ಬಂದಾಗ, "ಆ ಕೂಸಿನ ಕುಂಚಿಗಿ ಮುಟ್ಟಿ ನೋಡಿದೇನು?" ಎಂದು ಕೇಳಿದರು. ಹೇಳಿದೆ. ಹೆಣಿಗೆ ತೆಗೆದರು, ಆದರೆ ಹೆಣೆಯಲಿಲ್ಲ. ಇವರನ್ನು ಅಷ್ಟು ವರ್ಷ ಬಲ್ಲ ನನಗೆ ಅದನ್ನು ನೋಡಿ ಭಯವಾಯಿತು.

ಮರುದಿನ ಹೊತ್ತೇರಿದ ಮೇಲೆ ಎಲ್ಲರೂ ನನ್ನ ತವರಿನ ಪಡಸಾಲೆಯಲ್ಲಿ ಸೇರಿದರು. ಇವರ ಮಾತಿಗೆ ಈಗಿನ ಅಮೀನರು ಕನಕಪ್ಪನನ್ನು ಬೇಡಿ ಹಾಕಿಸಿ ಕರೆತಂದಿದ್ದರು. ಅವನು ನೆಲ ನೋಡುತ್ತ ಕೂತ. ಹೆಂಡತಿ ಎದುರಿಗಿದ್ದರೂ ತಲೆ ಎತ್ತಲಿಲ್ಲ. ದಾದೇಸಾಬ, ಗಾಳೆಪ್ಪ, ಅಮರಪ್ಪ, ಊರ ಹಿರಿಯರು ಎಲ್ಲ ಇದ್ದರು. ಪಂಪಾವತಿ ಕೂಸಿನೊಂದಿಗೆ ನಡುಮನೆಯ ಬಾಗಿಲ ಹಿಂದೆ, ನನ್ನ ಬದಿಯಲ್ಲಿ ಕೂತಿದ್ದಳು.

ಇವರು ಮೊದಲು ಕನಕಪ್ಪನ ಬೇಡಿ ಬಿಚ್ಚಿಸಿದರು. "ಕೊಪ್ಪಿ ಹಾಕ್ಕೋ. ಎರಡೂ ಕೈ ಊರಿ ಆ ಹಿತ್ತಲ ಗ್ವಾಡಿ ಹತ್ತು."

ಕನಕಪ್ಪ ಏನೂ ಕೇಳದೆ ಎದ್ದ. ಕಂಬಳಿ ತಲೆಗೇರಿಸಿ ಒಂದು ಕೈಯಲ್ಲಿ ಗದ್ದದ ಕೆಳಗೆ ಹಿಡಿದುಕೊಂಡ. ಗೋಡೆಗೆ ಎರಡೂ ಕೈ ಹಚ್ಚಿದ್ದೇ ತಡ, ಕೊಪ್ಪಿ ಜಾರಿ ಬೆನ್ನ ಮೇಲೆ ಬಿತ್ತು. ಮತ್ತೆ ಹಾಕಿಕೊಂಡ, ಮತ್ತೆ ಬಿತ್ತು.

"ಕೈ ಬಿಟ್ರ ಕೊಪ್ಪಿ ನಿಲ್ಲಂಗಿಲ್ಲ," ಎಂದರು ಇವರು. "ಹಿಡಕೊಂಡ್ರೂ ಮೂಗು, ಬಾಯಿ ಕಾಣತಾವು. ಕಂಬಳಿ ಮೊಣಕಾಲ ತನಕ ಇಳೀತೈತಿ, ಅಂಗಿ ಕಾಣಂಗಿಲ್ಲ. ದಾದೇಸಾಬ ಕಂಡವಗ ಬಾಯಿಲ್ಲ, ಮೂಗಿಲ್ಲ, ಅಂಗಿ ಐತಿ, ಎರಡೂ ಕೈ ಖಾಲಿ. ಗಾಳೆಪ್ಪಾ, ನಿನ್ನ ಟೊಪಗಿ ಕೆಳಗ ಎಳಕೋ."

ಗಾಳೆಪ್ಪ ಎಳೆದುಕೊಂಡ. ಕಣ್ಣಷ್ಟೇ ಉಳಿಯಿತು. ದಾದೇಸಾಬ ಎದ್ದೇ ನಿಂತ. "ಯಾ ಅಲ್ಲಾ, ಇದ ಕೊಪ್ಪಿ ಅಲ್ಲೇನ್ರಿ ನಾ ನೋಡಿದ್ದು!"

"ಇದು ಕೊಪ್ಪಿ ಅಲ್ಲೋ ಮಾರಾಯಾ, ಟೊಪಗಿ!"

"ನಮಗೇನ್ ಗೊತ್ತ್ರಿ ಸಾಹೇಬ್ರ, ತಲಿ ಮುಚ್ಚಿದ್ದೆಲ್ಲಾ ಕೊಪ್ಪೀನ. ಇದಕ್ಕ ಮತ್ತೇನಂತಾರ?"

ಯಾರಿಗೂ 'ಏನಂತಾರ' ಎಂದು ಹೇಳಲು ಬರಲಿಲ್ಲ. ಹೆಸರಿಲ್ಲದ ಒಂದು ವಸ್ತುವಿಗೆ ಮುದುಕ ತನಗೆ ಗೊತ್ತಿದ್ದ ಹೆಸರು ಕೊಟ್ಟಿದ್ದ, ಅದರಿಂದ ಒಬ್ಬ ಮನುಷ್ಯ ಗಲ್ಲಿಗೇರುವವನಿದ್ದ. ಈಗಿನ ಅಮೀನರು ಕೂತಲ್ಲೇ ಮಿಸುಕಾಡಿ ಗಂಟಲು ಸರಿಮಾಡಿಕೊಂಡರು.

"ಈ ಊರಾಗ ಇಂಥ ಟೊಪಗಿ ಇರೋದು ಮೂರ, ಮೂರೂ ನಾನ ಹೆಣದದ್ದು," ಎಂದು ಇವರು ಮುಂದುವರಿಸಿದರು. "ಗಾಳೆಪ್ಪನ್ನ ಬಿಡ್ರಿ. ಆ ತೂತು ಇಷ್ಟಗಲ ಐತಿ, ನಸಿಕಿನ್ಯಾಗ ದಾದೇಸಾಬಗ ಅವನ ಬಿಳಿಗೂದಲು ಕಾಣತಿದ್ವು. ಇನ್ನ ಎರಡು. ಅಮರಪ್ಪ, ನಿನ್ನದು ಕೊಡು."

ಅಮರಪ್ಪ ಬಿಚ್ಚಿ ಕೊಟ್ಟ. ಇವರು ಅದರ ಕುತ್ತಿಗೆಯ ಹೊಲಿಗೆಯನ್ನು ಚಾಕುವಿನಿಂದ ಬಿಚ್ಚಿ ಮಡಿಕೆಯನ್ನು ಹೊರಗೆ ತಿರುವಿದರು. ಒಳಗೂ ಕರಿ, ಹೊರಗೂ ಕರಿ.

"ನಿನ್ನ ಟೊಪಗಿ ಮುಗಸಾಕ ಕರಿ ಉಣ್ಣಿ ಸಾಲಲಿಲ್ಲ. ಒಳಮಡಿಕಿಗೆ ಬಿಳೇದು ಹಾಕೇನಿ. ನಿಮ್ಮ ಅಕ್ಕ ಸಾಕ್ಷಿ. ಇದರಾಗ ಬಿಳೇದಿಲ್ಲ. ಮ್ಯಾಲಾಗಿ ಇದು ನಿನ್ನ ತಲೀಗೆ ದೊಡ್ಡದು. ಇದು ಗವಿಸಿದ್ದಪ್ಪನ ಟೊಪಗಿ. ಅವನ ತಲಿಮ್ಯಾಲಿತ್ತು, ಕೊಂದವ ಒಯ್ದ ಅಂದಿ. ತಳಕಲ್ಲಿಗೆ ಅಂವ ರುಮಾಲು ಸುತ್ತಿ ಹೋದ, ಮನಿಗೆ ತಿರುಗಿ ಬರಲೇ ಇಲ್ಲ. ಇದು ಮನ್ಯಾಗ ಗೂಟಕ್ಕ ಇತ್ತು. ನಿನ್ನದು ಇದ್ದಿದ್ರ ಅಣ್ಣಂದು ಯಾಕ ಹಾಕ್ಕೊಂಡಿ? ನಿನ್ನದು ಎಲ್ಲಿ?"

ಅಮರಪ್ಪ ಬರಿದಾದ ತಲೆಯನ್ನು ಸವರಿಕೊಂಡ. "ಕಳೀತು ಮಾವಾರ."

"ಕಳದಿಲ್ಲ. ಸಣ್ಣದಾಗೇತಿ. ಶೇಖರಮ್ಮ, ಆ ಕೂಸಿನ ಕುಂಚಿಗಿ ತಾ."

ನನ್ನ ಕೈಯನ್ನು ಯಾರೋ ಹಿಡಿದಂತಾಯಿತು. ಆದರೂ ಬಿಚ್ಚಿದೆ. ಕೂಸು ಕಣ್ಣು ಬಿಟ್ಟು ನನ್ನನ್ನೇ ನೋಡಿತು. ಇವರು ಅದರ ಕುತ್ತಿಗೆಯ ಒಳಮಡಿಕೆ ಬಿಚ್ಚಿದರು. ಎಲ್ಲರಿಗೂ ಕಾಣುವಂತೆ ಹಿಡಿದರು. ಬಿಳಿ ಅಂಚು. ಎಳೆಯೊಂದನ್ನು ಹಿಡಿದು ಜಗ್ಗಿದರು; ಹೆಣೆದದ್ದು ಬಿಚ್ಚಿಕೊಳ್ಳಬೇಕು, ಒಂದೆಳೆಯೂ ಬರಲಿಲ್ಲ, ಎಲ್ಲ ಒಂದಕ್ಕೊಂದು ಕಚ್ಚಿಕೊಂಡಿತ್ತು.

"ಕನಕಪ್ಪಾ, ಉಣ್ಣಿ ಹಿಂಗ ಯಾವಾಗ ಆಗತೈತಿ?"

ಕನಕಪ್ಪ ಅಂದು ಮೊದಲ ಸಲ ಬಾಯಿ ಬಿಟ್ಟ. "ಕುದಿಸಿದ್ರ ಆಗತೈತ್ರಿ."

"ಹೌದು. ಹಳ್ಳದಾಗ ತೊಳಿಯೋ ಕುರುಬರ್ಯಾರೂ ಕುದಸಂಗಿಲ್ಲ. ಹತ್ತಿ ಅರಿವಿ ತೊಡೋ ಮನ್ಯಾಗ, ಕಲೆ ಹೋಗಬೇಕಂದ್ರ ಸೌಳಮಣ್ಣು ಹಾಕಿ ಉಬ್ಬಿಗಿ ಇಟ್ಟು ಕುದಸತಾರ. ಈ ಟೊಪಗೀಗೆ ಅಂಥಾ ಕಲೆ ಏನು ಹತ್ತಿತ್ತು?"

"ಅದು ಸಂತಿಯಾಗ ತಂದದ್ರಿ!" ಅಮರಪ್ಪ ಕೂಗಿದ. "ಕೊಪ್ಪಳ ಸಂತಿಯಾಗ! ಬಿಳಿ ಅಂಚು ಎಲ್ಲಾರೂ ಹಾಕತಾರ. ಪಂಪಾ, ಹೇಳು, ಸಂತಿಯಾಗ ತಂದದ್ದಂತ ಹೇಳು!"

ಈಗಿನ ಅಮೀನರು ಇವರ ಕಿವಿಯಲ್ಲಿ, ಆಕೆ ಹಾಗಂದರೆ ಕೋರ್ಟಿನಲ್ಲಿ ಈ ಅಂಚು ನಿಲ್ಲುವುದಿಲ್ಲ ಎಂದರು. ಅದು ಎಲ್ಲರಿಗೂ ಕೇಳಿಸಿತು. ಎಲ್ಲ ಬಂದು ಆ ಹುಡುಗಿಯ ನಾಲಿಗೆಯ ಮೇಲೆ ನಿಂತಿತು. ಹೌದು ಅಂದರೆ ಗಂಡ ಉಳಿಯುತ್ತಾನೆ, ಕನಕಪ್ಪ ಹೋಗುತ್ತಾನೆ. ಇಲ್ಲ ಅಂದರೆ ಕೂಸಿಗೆ ಅಪ್ಪ ಇಲ್ಲ. ಸಂತೆಯದು ಅನ್ನು ಎಂದು ನನ್ನ ಮನಸ್ಸು ಒದರಿತು. ಅವನು ನನ್ನ ತಮ್ಮ, ನಾನು ಎತ್ತಿ ಆಡಿಸಿದವನು. ಅನ್ನಬೇಡ ಎಂದೂ ಒದರಿತು.

ಪಂಪಾವತಿ ಬಾಗಿಲ ಹಿಂದಿನಿಂದ ಎದ್ದು ಈಚೆ ಬಂದಳು. ಗಂಡನ ಕಡೆ ನೋಡಲಿಲ್ಲ. ಹೊಳಿಯಮ್ಮನ ಕಡೆ ನೋಡಿದಳು. ಅವರಿಬ್ಬರ ಮುಖಗಳೂ ಒಂದೇ ನಮೂನಿ ಇದ್ದವು, ಒರೆಸಿದ ಪಾಟಿಯ ಹಾಗೆ.

"ನಾನ ಕುದಿಸೇನ್ರಿ," ಎಂದಳು. "ನಸಿಕಿನ್ಯಾಗ ಬಂದ್ರು. ಅಂಗಿ, ಟೊಪಗಿ ಎರಡೂ ರಕ್ತ ಆಗಿದ್ವು. ಎತ್ತಿನ ಕೋಡು ಮುರದೈತಿ, ಔಷಧ ಕಟ್ಟಿ ಬಂದೆ ಅಂದ್ರು. ಉಬ್ಬಿಗಿ ಹಾಕಿದ್ನಿ. ಅಂಗಿ ಬೆಳ್ಳಗಾತು, ಟೊಪಗಿ ಸಣ್ಣದಾತು. ಬಿಸಾಕು ಅಂದ್ರು. ಹೊಸಾ ಉಣ್ಣಿ ಯಾಕ ಬಿಸಾಕೂದಂತ ಕೂಸಿಗೆ ಹಾಕಿದ್ನಿ. ಉಬ್ಬಿ ಇಳಿಸಿದ ಮ್ಯಾಲ ಗಾಳೆಪ್ಪ ಓಡಿ ಬಂದು ಭಾವಾರು ಹ್ವಾದ್ರು ಅಂದ."

"ಎತ್ತಿನ ಕೋಡು ಎಲ್ಲಾ ನೆಟ್ಟಗದಾವಲ್ರಿ ಅವ್ವಾರ," ಎಂದ ಗಾಳೆಪ್ಪ ಸಣ್ಣ ದನಿಯಲ್ಲಿ.

"ನನಗೂ ಆಮ್ಯಾಲೆ ಕಂಡ್ವು," ಎಂದಳು.

ಅಮರಪ್ಪ ಓಡಲಿಲ್ಲ. ಗೋಡೆಗೆ ಒರಗಿದ. "ಸಕ್ರಿ ತಂದು ಕೈಯಾಗ ಇಟ್ಟ ಗಾಳೆಪ್ಪ. ಅದನ್ನ ಬಾಯಾಗ ಹಾಕ್ಕೊಂಡೆ ಮಾವಾರ. ನಾಳಿ ಅವಗ ಗಂಡು ಹುಟ್ಟಿದ್ರ ನನ್ನ ಮಗ ಆ ಮಗನ ದನಾ ಕಾಯಬೇಕಿತ್ತು. ಅದಕ್ಕ ಮಾಡಿದ್ನಿ. ಈ ಕೂಸಿನ ಸಲುವಾಗಿ ಮಾಡಿದ್ನಿ." ಈ ಸಲ ಅವನ ಕಣ್ಣಲ್ಲಿ ನೀರಿರಲಿಲ್ಲ.

ನಾನು ಅವನ ಕೆನ್ನೆಗೆ ಹೊಡೆಯಬೇಕೆಂದು ಎದ್ದೆ. ಹತ್ತಿರ ಹೋದ ಮೇಲೆ ಕೈ ಏಳಲಿಲ್ಲ. ತಿರುಗಿ ಬಂದು ಕೂತೆ.

ಈಗಿನ ಅಮೀನರು ಕೇಳಿದರು, ಕೂಸಿನ ಕುಂಚಿಗಿ ಅಂತ ಎಲ್ಲರೂ ನೋಡಿದ್ದನ್ನು ಟೊಪಗಿ ಅಂತ ಹೇಗೆ ತಿಳಿದಿರಿ ಎಂದು.

"ಕುಂಚಿಗೀಗೆ ಮುಖ ಪೂರಾ ತೆರದಿರತೈತಿ, ಬೆನ್ನ ಮ್ಯಾಲೆ ಸೆರಗು ಇಳೀತೈತಿ. ಈ ಕೂಸಿಗೆ ಸೆರಗಿಲ್ಲ, ಬಾಯಿ ಮುಚ್ಚಿತ್ತು," ಎಂದರು ಇವರು. "ಬಾಯಿ ಮುಚ್ಚಿ ಹಾಲ ಕೂಸಿಗೆ ಯಾರೂ ಟೊಪಗಿ ಹೊಲ್ಯಂಗಿಲ್ಲ. ಉಣ್ಣಿ ಕುದಿಸಬಾರದಂತ ನನಗ ಅನ್ನಮ್ಮ ಹೇಳಿದ್ಳು. ಟೊಪಗಿ ಕೊಡೂಮುಂದ ನಾನೂ ಅಮರಪ್ಪಗ ಹೇಳಿದ್ದೆ, ತಣ್ಣೀರು, ಬರೇ ತಣ್ಣೀರು ಅಂತ. ಅಂವ 'ಹೂಂ' ಅಂದ. ಒಗಿಯೂದು ಹೆಂಗಸರ ಕೆಲಸ, ತನಗ್ಯಾಕ ಅಂತ ಬಿಟ್ಟ. ಅಷ್ಟ."

ಇವರ ದನಿಯಲ್ಲಿ ಗೆದ್ದವರ ಹುರುಪು ಇರಲಿಲ್ಲ. ಎರಡೂ ಟೊಪಗಿಗಳನ್ನು ಅಮೀನರ ಮುಂದಿಟ್ಟು, ಕೈಗಳನ್ನು ಧೋತರಕ್ಕೆ ಒರೆಸಿಕೊಂಡು ಅಂಗಳಕ್ಕೆ ಹೋಗಿ ನಿಂತರು.

ಬೇಡಿ ಕನಕಪ್ಪನ ಕೈಯಿಂದ ಅಮರಪ್ಪನ ಕೈಗೆ ಬಿತ್ತು. ಹೊಳಿಯಮ್ಮ ಗಂಡನ ಹತ್ತಿರ ಹೋಗಿ ಅವನ ಕಂಬಳಿ ಮಡಿಸಿ ಹೆಗಲ ಮೇಲೆ ಹಾಕಿದಳು. ಇಬ್ಬರೂ ಹೊಲದ ದಾರಿ ಹಿಡಿದರು. ಜನ ಕರಗಿತು. ನಾನು ಪಂಪಾವತಿಯ ಹತ್ತಿರ ಉಳಿದೆ. ಕೂಸಿನ ಬೋಳುತಲೆಗೆ ಚಳಿ ಹತ್ತುತ್ತಿತ್ತು. ಆಕೆ ಸೆರಗು ಎಳೆದು ಮುಚ್ಚಿದಳು. ಒಲೆ ಹಚ್ಚಲೇ ಎಂದೆ, ಬೇಡ ಎಂದಳು.

"ಅಕ್ಕಾರ," ಎಂದಳು ಕೊನೆಗೆ. "ತಣ್ಣೀರಾಗ ಒಗೀಬೇಕಂತ ಅವರಿಗೆ ಗೊತ್ತಿತ್ತಂತಲ್ಲ."

"ಹೂಂ."

"ನನಗ ಹೇಳಿದ್ರ ತಣ್ಣೀರಾಗ ಒಗೀತಿದ್ನಿ, ಟೊಪಗಿ ಅವರ ತಲೀಗೇ ಇರತಿತ್ತು. ಲಗ್ನ ಆದಾಗಿಂದ ಅವರು ಹೇಳಿದ್ದು ಒಂದರ ಬಿಟ್ಟೇನೇನು? ಯಾಕ ಹೇಳಲಿಲ್ಲ ಅಕ್ಕಾರ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ದಾರಿ ತಪ್ಪಿದವರು ಊರ ಹೆಸರು ಕೇಳುವ ಹಾಗೆ ಕೇಳಿದಳು. ಅಂಗಳದಲ್ಲಿ ಇವರು ಗಾಡಿ ಕಟ್ಟಿಸುತ್ತಿದ್ದರು. ಹೊರಗೆ ಹೋಗಿ, ನೀವು ಹೋಗಿರಿ, ನಾನು ಇಲ್ಲಿ ಇರುತ್ತೇನೆ ಎಂದು ಹೇಳಿ ಬಂದೆ.